ಬೆಳಗಿನ ಐದು ಗಂಟೆಯ ಮಾತ್ರೆ

ಸರ್ವಮಂಗಳಾಗೆ ಸನ್ಮಾನ ಎಂದು ಫ್ಲೆಕ್ಸ್ ಕಟ್ಟಿದ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಚಾಮರಾಜಪೇಟೆಯ ನಮ್ಮ ಪಾರ್ಕಿನ ಗೇಟಿಗೆ ಆಳೆತ್ತರದ ಫ್ಲೆಕ್ಸು. ಅದರಲ್ಲಿ ಅವಳು ಎರಡೂ ಕೈ ತಲೆಯ ಮೇಲೆತ್ತಿ ನಿಂತ ಫೋಟೋ. ಕೆಳಗೆ ದಪ್ಪಕ್ಷರದಲ್ಲಿ, "ಒಂದೂ ಮಾತ್ರೆಯಿಲ್ಲದೆ ನಡುಕದ ಕಾಯಿಲೆ ಗೆದ್ದ ಚೀಗಾಂಗ್ ಸಾಧಕಿ". ಹಸಿ ಸುಳ್ಳು. ಸುಳ್ಳೆಂದು ಗೊತ್ತಿದ್ದವರು ಆ ಪಾರ್ಕಿಗೆ ಬರುವವರಲ್ಲಿ ಇಬ್ಬರೇ. ಒಬ್ಬಳು ಸರ್ವಮಂಗಳಾ, ಇನ್ನೊಬ್ಬಳು ನಾನು.

ನಾನು ಶೈಲಜಮ್ಮ. ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿ ರಿಟೈರ್ ಆದವಳು. ನನ್ನ ಬಾಯಿ ಜೋರು ಎಂದು ಇಡೀ ಬೀದಿಗೆ ಗೊತ್ತು. ಅಂಥವಳೂ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ ಎಂದರೆ ಕಾರಣ ಇರಬೇಕಲ್ಲ, ಅದನ್ನೇ ಹೇಳುತ್ತೇನೆ.

ಸರ್ವಮಂಗಳಾಗೆ ಈಗ ಅರವತ್ತೊಂದು. ಮದುವೆಯಾಗಲಿಲ್ಲ. ಅವಳ ತಂದೆ ನಾಲ್ಕನೇ ಮೇನಿನಲ್ಲಿ ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದರು. ಅವರು ಹೋದ ಮೇಲೆ ಇವಳೇ ನಡೆಸಿದಳು. ಬಿನ್ನಿಪೇಟೆ, ಓಕಳಿಪುರಂ ಕಡೆಯಿಂದೆಲ್ಲ ಹುಡುಗಿಯರು ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಲು ಇವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಕೀಲಿಗಳನ್ನು ನೋಡದೆ ಹೊಡೆಯಬೇಕೆಂದು ಅವರ ಕೈಗಳ ಮೇಲೆ ಟವೆಲ್ ಹೊದಿಸುತ್ತಿದ್ದಳು. ತಪ್ಪು ಹೊಡೆದವಳನ್ನು ಎಬ್ಬಿಸಿ, ತಾನು ಕೂತು, ಕಿಟಕಿಯಾಚೆ ನೋಡುತ್ತಲೇ ಇಡೀ ಪುಟ ಹೊಡೆದು ತೋರಿಸುತ್ತಿದ್ದಳು. ಒಂದಕ್ಷರ ತಪ್ಪುತ್ತಿರಲಿಲ್ಲ. ಅವಳ ಜಂಬವೆಲ್ಲ ಆ ಹತ್ತು ಬೆರಳುಗಳಲ್ಲಿತ್ತು.

ಒಂಬತ್ತು ವರ್ಷದ ಹಿಂದೆ ಬಲಗೈಯ ಹೆಬ್ಬೆರಳು ತಾನಾಗಿ ಅಲ್ಲಾಡತೊಡಗಿತು. ಆಸ್ಪತ್ರೆಯಲ್ಲಿ ಪಾರ್ಕಿನ್ಸನ್ ಎಂದರು. ಕೈ ನಡುಗುತ್ತದೆ, ಮೈ ಸೆಟೆಯುತ್ತದೆ, ನಡೆಯುತ್ತಿದ್ದ ಹಾಗೇ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ವಾಸಿಯಾಗುವ ಕಾಯಿಲೆಯಲ್ಲ, ಮಾತ್ರೆಯಿಂದ ಹತೋಟಿಯಲ್ಲಿಡಬಹುದು, ಅಷ್ಟೆ. ಇವಳು ಮಾಡಿದ ಮೊದಲ ಕೆಲಸ ಏನು ಗೊತ್ತೆ? ನಲವತ್ತು ಜನ ಕಲಿಯುತ್ತಿದ್ದ ಇನ್‌ಸ್ಟಿಟ್ಯೂಟಿಗೆ ಬೀಗ ಜಡಿದದ್ದು. "ಈಗಿನ ಕಾಲದಲ್ಲಿ ಟೈಪಿಂಗ್ ಯಾರಿಗ್ರೀ ಬೇಕು" ಎಂದು ಎಲ್ಲರಿಗೂ ಹೇಳಿದಳು, ಎಲ್ಲರೂ ನಂಬಿದರು. ಎದುರು ಮನೆಯವಳಾದ ನಾನು ಮಾತ್ರ ಒಂದು ದಿನ ಹೇಳದೆ ಕೇಳದೆ ಒಳಗೆ ನುಗ್ಗಿ, ಅವಳ ಕೈಯಲ್ಲಿ ಕಾಫಿ ಲೋಟ ತುಳುಕುವುದನ್ನು ನೋಡಿಬಿಟ್ಟೆ.

"ಯಾರ ಹತ್ರಾನಾದ್ರೂ ಬಾಯಿ ಬಿಟ್ರೆ ನನ್ನಾಣೆ ಕಣೇ ಶೈಲಾ," ಎಂದು ನನ್ನ ಕೈ ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು. "ಅಯ್ಯೋ ಪಾಪ ಅನ್ನಿಸ್ಕೊಂಡು ಬದುಕೋಕೆ ನನ್ನ ಕೈಲಾಗಲ್ಲ."

ಗಣಿತದ ಟೀಚರಿಗೆ ಆಣೆ ಭಾಷೆಯೆಲ್ಲ ಯಾಕೆ ಎಂದು ನೀವು ನಗಬಹುದು. ನಗಿ. ತಲೆ ಮುಟ್ಟಿಸಿ ಹಾಕಿದ ಆಣೆ ಮುರಿಯುವ ಧೈರ್ಯ ನನಗೆ ಅವತ್ತೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಮೂರು ವರ್ಷದ ಹಿಂದೆ ಅವಳು ಬಚ್ಚಲಮನೆಯ ಬಾಗಿಲಲ್ಲಿ ಕಾಲು ಅಂಟಿಕೊಂಡು ಬಿದ್ದಳು. ಡಾಕ್ಟರು ಅವಳನ್ನು ಅದೇ ಆಸ್ಪತ್ರೆಯ ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿ ಹೇಮಶ್ರೀ ಎಂಬ ಹುಡುಗಿ ಚೀಗಾಂಗ್ ಕಲಿಸಿದಳು. ಚೀನಾ ದೇಶದ ಹಳೆಯ ಅಭ್ಯಾಸವಂತೆ. ಉಸಿರಿನ ಲಯಕ್ಕೆ ನಿಧಾನವಾಗಿ ಕೈಕಾಲು ಆಡಿಸುವುದು. ಎರಡೂ ಕೈ ಎತ್ತಿ ಆಕಾಶ ತಳ್ಳುವುದು, ಬಿಲ್ಲಿನ ಹೆದೆ ಎಳೆಯುವುದು, ಹೀಗೆ ಎಂಟು ಪಾಠ. ಜೊತೆಗೆ ಹೋಗಿದ್ದ ನಾನು ಗೋಡೆಗೊರಗಿ ನೋಡುತ್ತಿದ್ದೆ.

"ಆಂಟೀ, ಭಾರ ಪೂರ್ತಿ ಎಡಗಾಲಿಗೆ ಹಾಕಿ. ಹಾಕಿದ್ರಾ? ಈಗ ಬಲಗಾಲು ಹಗುರ ಆಯ್ತು ನೋಡಿ. ಎತ್ತಿ," ಎನ್ನುತ್ತಿದ್ದಳು ಹುಡುಗಿ.

ಡಾಕ್ಟರಂತೂ ಕಡ್ಡಿ ಮುರಿದ ಹಾಗೆ ಹೇಳಿದ್ದರು. "ಇದನ್ನ ದಿನಾ ಮಾಡಿ, ಬ್ಯಾಲೆನ್ಸ್ ಸುಧಾರಿಸತ್ತೆ. ಆದ್ರೆ ಮಾತ್ರೆ ಒಂದು ಹೊತ್ತೂ ತಪ್ಪಿಸೋ ಹಾಗಿಲ್ಲ. ಇದು ಅದರ ಜೊತೆಗೆ, ತಿಳೀತಾ?" ಸರ್ವಮಂಗಳಾ ತಲೆಯಾಡಿಸಿದಳು, ಹಾಗೇ ನಡೆದುಕೊಂಡಳು ಕೂಡ. ಆರು ತಿಂಗಳಲ್ಲಿ ಬೀಳುವುದು ನಿಂತಿತು. ರಾತ್ರಿ ನಿದ್ದೆ ಬರತೊಡಗಿತು. ಅಂಗಡಿಗೆ ಒಬ್ಬಳೇ ಹೋಗಿ ಬರುವಷ್ಟಾದಳು.

ಬೆಳಿಗ್ಗೆ ಆರಕ್ಕೆ ಅವಳು ಪಾರ್ಕಿನ ಮೂಲೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು, ಮಂಡಿನೋವಿನ ನಾನು ಪಕ್ಕದಲ್ಲಿ. ಒಂದು ದಿನ ಮರಿಯಣ್ಣ ಬಂದು ನಿಂತರು. ಹಿರಿಯ ನಾಗರಿಕರ ಸಂಘದ ಅಧ್ಯಕ್ಷರು, ಸಿಮೆಂಟು ಇಟ್ಟಿಗೆಯ ವ್ಯಾಪಾರದವರು, ಎರಡು ಸಲ ಕಾರ್ಪೊರೇಷನ್ ಚುನಾವಣೆಗೆ ನಿಂತು ಸೋತವರು. ಮನಸ್ಸು ಬಂಗಾರ, ಬಾಯಿ ಲೌಡ್ ಸ್ಪೀಕರು.

"ಏನ್ ಮೇಡಮ್ಮೋರೆ ಇದು, ನಿದ್ದೆಗಣ್ಣಲ್ಲಿ ಕುಸ್ತಿನಾ?" ಎಂದವರು ಮಾರನೆಯ ದಿನ ತಾವೇ ಸಾಲಿಗೆ ಬಂದು ನಿಂತರು. ತಿಂಗಳೊಪ್ಪತ್ತಿನಲ್ಲಿ ಇಪ್ಪತ್ತು ಜನ ಆದರು. ಸರ್ವಮಂಗಳಾಗೆ ಮತ್ತೆ ಶಿಷ್ಯರು ಸಿಕ್ಕರು. ಅವಳ ಮುಖಕ್ಕೆ ಬಂದ ಕಳೆ ನೋಡಿ ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಎಡವಟ್ಟಾದದ್ದು ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಅವಳು ಪಾರ್ಕಿನಲ್ಲಿ ಎಲ್ಲರೆದುರಿಗೇ ಕೇಳಿಬಿಟ್ಟಳು, "ಮೇಡಂ, ನಿಮ್ಮನ್ನ ಆಸ್ಪತ್ರೇಲಿ ನೋಡಿದ್ದೆ. ನಡುಕದ ಕಾಯಿಲೆ ಅಂದ್ರು. ಈಗ ಹೇಗಿದೆ?" ಇಪ್ಪತ್ತು ತಲೆಗಳು ಇವಳ ಕಡೆ ತಿರುಗಿದವು. ಇವಳ ಮುಖ ಕೆಂಪಾಯಿತು. ಆಮೇಲೆ ಎರಡೂ ಕೈ ಮುಂದೆ ಚಾಚಿದಳು. ಒಂದು ಬೆರಳೂ ಅಲುಗಲಿಲ್ಲ.

"ಅದೆಲ್ಲಾ ಹಳೇ ಕಥೆ. ಇದನ್ನ ಮಾಡ್ತಾ ಮಾಡ್ತಾ ಹೋಯ್ತು."

"ಮಾತ್ರೆ?" ಎಂದರು ಮರಿಯಣ್ಣ.

"ಎಲ್ಲಾ ಬಿಟ್ಟೆ."

ಅಷ್ಟೇ, ಎರಡು ಮಾತು. ಉಳಿದದ್ದನ್ನು ಮರಿಯಣ್ಣ ನೋಡಿಕೊಂಡರು. ಹಾಲಿನ ಬೂತಿನಿಂದ ಹಿಡಿದು ಆಟೋ ಸ್ಟ್ಯಾಂಡಿನವರೆಗೂ "ನಮ್ಮ ಮೇಡಮ್ಮು ಒಂದ್ ಮಾತ್ರೆ ಮುಟ್ಟದೆ ವಾಸಿ ಮಾಡ್ಕೊಂಡವ್ರೆ" ಎಂದು ಸಾರಿದರು. ಮನೆಗೆ ಬಂದು ನಾನು ಬೈದೆ. "ಇಪ್ಪತ್ತು ಜನ ನೋಡ್ತಿದ್ರು ಕಣೇ, ಬಾಯಿಗೆ ಬಂದ್ಬಿಡ್ತು," ಎಂದಳು. ನಾಳೆ ತಿದ್ದುತ್ತೇನೆ ಎಂದಳು. ಆ ನಾಳೆ ಬರಲೇ ಇಲ್ಲ.

ನಿಜ ಸಂಗತಿ ಏನೆಂದರೆ, ಅವಳು ದಿನಕ್ಕೆ ನಾಲ್ಕು ಹೊತ್ತು ಮಾತ್ರೆ ನುಂಗುತ್ತಿದ್ದಳು. ಬೆಳಗಿನ ಐದಕ್ಕೆ ಮೊದಲನೆಯದು. ಅದು ಮೈಗೆ ಹತ್ತಲು ಮುಕ್ಕಾಲು ಗಂಟೆ ಬೇಕು, ಆಮೇಲೆ ಮೂರು ಗಂಟೆ ಮೈ ಹೇಳಿದ ಮಾತು ಕೇಳುತ್ತದೆ. ಆರರಿಂದ ಏಳು ಪಾರ್ಕು. ಜನ ನೋಡಿದ್ದು ಮಾತ್ರೆ ಹತ್ತಿದ್ದ ಸರ್ವಮಂಗಳಾಳನ್ನು ಮಾತ್ರ. ಒಂಬತ್ತರ ಮಾತ್ರೆಗೆ ಸ್ವಲ್ಪ ಮೊದಲು ನಡುಕ ಇಣುಕುತ್ತಿತ್ತು, ಅಷ್ಟರಲ್ಲಿ ಏನಾದರೊಂದು ನೆಪ ಹೇಳಿ ಮನೆ ಸೇರಿಕೊಳ್ಳುತ್ತಿದ್ದಳು. ಮದುವೆ, ನಾಮಕರಣ ಎಲ್ಲ ಬಿಟ್ಟಳು. ಹೋದರೂ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನುಂಗುತ್ತಿದ್ದಳು. ಖಾಲಿ ಸ್ಟ್ರಿಪ್ಪುಗಳನ್ನು ನಮ್ಮ ಮನೆಯ ಕಸದಲ್ಲಿ ಹಾಕುತ್ತಿದ್ದಳು, ಕಸದವರು ಗುರುತು ಹಿಡಿದಾರೆಂದು! ಕಾಯಿಲೆ ಅವಳನ್ನು ಮನೆಯೊಳಗೆ ಕೂಡಿಹಾಕಿರಲಿಲ್ಲ, ಈ ಹೊಗಳಿಕೆ ಕೂಡಿಹಾಕಿತು.

ಇಷ್ಟೇ ಆಗಿದ್ದರೆ ಅವಳ ಹಣೆಬರಹ ಎಂದು ನಾನೂ ಸುಮ್ಮನಿರುತ್ತಿದ್ದೆ. ಆದರೆ ಅದೇ ಗುಂಪಿನಲ್ಲಿ ಶಕುಂತಲಮ್ಮ ಇದ್ದರು. ಅರವತ್ತೆಂಟು ವರ್ಷ, ಗಾಂಧಿ ಬಜಾರ್ ಹಿಂದಿನ ರಸ್ತೆಯಲ್ಲಿ ಮನೆ, ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವ ಮಗ ಕಶ್ಯಪ್ ಜೊತೆಯಲ್ಲೇ ಇದ್ದಾನೆ. ಎಂಟು ತಿಂಗಳ ಹಿಂದೆ ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ರಕ್ತ ಹೆಪ್ಪುಗಟ್ಟದಿರಲು ಎರಡು ಮಾತ್ರೆ, ಒಂದು ದಿನವೂ ಬಿಡಬಾರದೆಂದು ಹೇಳಿ ಕಳಿಸಿದ್ದರು.

ದೀಪಾವಳಿಗೆ ಹೂವು ತರಲು ಮೂವರೂ ಗಾಂಧಿ ಬಜಾರಿಗೆ ಹೋಗಿದ್ದೆವು. ಸೇವಂತಿಗೆ ಮೊಳ ಹಾಕಿಸುತ್ತಿದ್ದಾಗ ಶಕುಂತಲಮ್ಮ ಸರ್ವಮಂಗಳಾಳ ತೋಳು ಹಿಡಿದು ಪಿಸುಗುಟ್ಟಿದರು.

"ನಾನೂ ಬಿಟ್ಬಿಟ್ಟೆ ಕಣ್ರೀ. ಇವತ್ತಿಗೆ ಹನ್ನೆರಡು ದಿನ."

"ಏನು ಬಿಟ್ರಿ?"

"ಮಾತ್ರೇನ! ನೀವು ಬಿಟ್ಟು ಹೇಗಿದೀರಿ ನೋಡಿ. ಕಶ್ಯಪ್ ಎದುರಿಗೆ ನಿಂತು ಕೊಡ್ತಾನೆ, ನಾನು ನಾಲಿಗೆ ಕೆಳಗಿಟ್ಕೊಂಡು ಅವನು ಆ ಕಡೆ ತಿರುಗಿದ ತಕ್ಷಣ ಸಿಂಕಿಗೆ ಉಗೀತೀನಿ."

"ರೀ, ನಿಮಗೇನು ತಲೆ ಕೆಟ್ಟಿದೆಯಾ?" ಎಂದು ನಾನು ಕಿರುಚಿದೆ. ಹೂವಿನವಳೂ ತಿರುಗಿ ನೋಡಿದಳು. ಶಕುಂತಲಮ್ಮ ನಕ್ಕುಬಿಟ್ಟರು. "ಟೀಚರ್, ನಿಮಗೆ ನಂಬಿಕೆ ಕಮ್ಮಿ," ಎಂದರು. ಸರ್ವಮಂಗಳಾ ಹೂವನ್ನು ಅಲ್ಲೇ ಬಿಟ್ಟು ಆಟೋ ಹತ್ತಿದಳು.

ಮಾರನೆಯ ದಿನ ಅವಳೇ ಅವರ ಮನೆಗೆ ಹೋದಳು. ತನ್ನ ಸ್ಟ್ರಿಪ್ ತೆಗೆದು ಮುಂದಿಟ್ಟು, ಎಲ್ಲ ಹೇಳಿ, ಅವರೆದುರಿಗೇ ಒಂದು ನುಂಗಿದಳು. ಶಕುಂತಲಮ್ಮನ ಕಣ್ಣಲ್ಲಿ ನೀರು ಬಂತಂತೆ. "ನಾನು ಹೆದರ್ಕೊಂಡಿದೀನಿ ಅಂತ ನನಗೋಸ್ಕರ ಬೇಡದ ಮಾತ್ರೆ ನುಂಗ್ತಿದೀರಲ್ಲ, ಎಷ್ಟು ದೊಡ್ಡ ಮನಸ್ಸು ನಿಮ್ಮದು," ಎಂದರಂತೆ. ನಾನು ಕಶ್ಯಪ್‌ಗೆ ಫೋನ್ ಮಾಡಿದೆ. ಅವನು ಅಮ್ಮನನ್ನು ಕೇಳಿದ. "ಶೈಲಜಮ್ಮನಿಗೆ ವಯಸ್ಸಾಯ್ತು ಕಣೋ, ಏನೇನೋ ಕಲ್ಪಿಸ್ಕೋತಾರೆ," ಎಂದರಂತೆ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು!

ಆಮೇಲೆ ಬಂತು ಆ ಸನ್ಮಾನ. ರಾಜ್ಯೋತ್ಸವದ ದಿನ ಪಾರ್ಕಿನಲ್ಲಿ ಶಾಮಿಯಾನ, ಬಾವುಟ, ನೂರು ಕುರ್ಚಿ. ಮರಿಯಣ್ಣ ಸರ್ವಮಂಗಳಾಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿ, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟರು. ಪೇಟ ದೊಡ್ಡದಾಗಿ ಹುಬ್ಬಿನವರೆಗೂ ಇಳಿದಿತ್ತು. ಎಲ್ಲರೂ ಮಾತಾಡಿದ ಮೇಲೆ ಇವಳ ಕೈಗೆ ಮೈಕು ಕೊಟ್ಟರು. ನಿಜ ಹೇಳುತ್ತೇನೆಂದು ನನಗೆ ಮೊದಲೇ ತಿಳಿಸಿದ್ದಳು, ಹೇಳಿದಳು.

"ಇಲ್ಲಿ ನನ್ನ ಬಗ್ಗೆ ಹೇಳಿದ್ದು ಸುಳ್ಳು. ನನಗೆ ಕಾಯಿಲೆ ವಾಸಿ ಆಗಿಲ್ಲ. ದಿನಾ ನಾಲ್ಕು ಹೊತ್ತು ಮಾತ್ರೆ ತಗೋತೀನಿ. ಚೀಗಾಂಗ್‌ನಿಂದ ನಡಿಗೆ ಸುಧಾರಿಸಿದೆ, ಬೀಳೋದು ನಿಂತಿದೆ, ಅಷ್ಟೇ. ದಯವಿಟ್ಟು ಯಾರೂ ನಿಮ್ಮ ಮಾತ್ರೆ ಬಿಡಬೇಡಿ."

ಮರಿಯಣ್ಣ ಎದ್ದು ಬಂದು ಮೈಕು ತೆಗೆದುಕೊಂಡರು.

"ನೋಡಿದ್ರಾ? ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಇದೇಯ! ನಾಳೆ ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ ಡಾಕ್ಟ್ರುಗಳು ಸಂಘನ ಬಯ್ಯಬಾರ್ದು ಅಂತ ತಮ್ಮ ಸಾಧನೇನೇ ಮುಚ್ಚಿಡ್ತಾವ್ರೆ. ಇಂಥೋರು ಎಲ್ಲವ್ರೆ ಹೇಳಿ ಈ ಕಾಲ್ದಲ್ಲಿ? ಜೋರಾಗಿ ಒಂದ್ ಚಪ್ಪಾಳೆ!"

ಚಪ್ಪಾಳೆ ಬಿತ್ತು, ನೂರು ಜನರದ್ದು. ಸರ್ವಮಂಗಳಾ ಪೇಟದ ಕೆಳಗಿನಿಂದ ನನ್ನನ್ನು ನೋಡಿದಳು. ನಾನು ಎದ್ದು ನಿಂತು "ಅವಳು ಹೇಳಿದ್ದು ನಿಜ" ಎಂದು ಕೂಗಬಹುದಿತ್ತು. ಆಣೆ ಎಂಬುದು ಆಗ ಬರೀ ನೆಪ. ನೂರು ಜನ ಚಪ್ಪಾಳೆ ತಟ್ಟುವಾಗ ಎದ್ದು ನಿಲ್ಲುವುದಕ್ಕೆ ನನ್ನಿಂದಲೂ ಆಗಲಿಲ್ಲ. ಹೆಂಗಸರು ಹೂವು ಕೊಡಲು ವೇದಿಕೆ ಹತ್ತಿದರು. ಶಕುಂತಲಮ್ಮನೂ ಹತ್ತಿದರು. ಮೂರೇ ಮೆಟ್ಟಿಲು, ಎರಡನೆಯದರಲ್ಲಿ ನಿಂತು, ಎದೆಯ ಮೇಲೆ ಕೈಯಿಟ್ಟುಕೊಂಡು, ಬಾಯಿ ತೆರೆದು ಉಸಿರೆಳೆದರು. ಅದನ್ನು ನಾನೂ ನೋಡಿದೆ, ಸರ್ವಮಂಗಳಾನೂ ನೋಡಿದಳು.

ಸಂಜೆ ಶಾಲು, ಬುಟ್ಟಿ ಎಲ್ಲ ಹಾಗೇ ಕುರ್ಚಿಯ ಮೇಲಿದ್ದವು. "ನಾಳೆ ಐದು ಗಂಟೆ ಮಾತ್ರೆ ನಾನು ತಗೊಳ್ಳಲ್ಲ," ಎಂದಳು.

"ಹುಚ್ಚು ಹಿಡಿದಿದೆಯೇನೇ? ಬಿದ್ದು ಸೊಂಟ ಮುರ್ಕೊಂಡ್ರೆ?"

"ಮಾತು ಯಾರೂ ನಂಬ್ತಿಲ್ಲ. ನನ್ನ ಮೈ ನೋಡಿಯಾದ್ರೂ ನಂಬ್ತಾರೆ."

"ಡಾಕ್ಟರ್ ಏನು ಹೇಳಿದ್ರು ನಿನಗೆ?"

"ಗೊತ್ತು. ಆದ್ರೆ ಶಕುಂತಲಮ್ಮ ಹೀಗೇ ಇದ್ರೆ ಇನ್ನೊಂದು ವಾರಾನೂ ಉಳಿಯಲ್ಲ ಶೈಲಾ. ನನ್ನ ಕೈಯಿಂದ ಒಂದು ಜೀವ ಹೋಗತ್ತೆ." ಅವಳು ಅಳುತ್ತಿದ್ದಳು. "ನಿನಗೆ ಹಾಕಿದ ಆಣೆ ವಾಪಸ್ ತಗೊಂಡೆ. ನೀನು ಬರೀ ನನ್ನ ಜೊತೆ ಬಾ. ಮಾತ್ರೆ ನಿನ್ನ ಬ್ಯಾಗಲ್ಲಿರ್ಲಿ."

ಅವಳು ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಯಾರೂ ಮಾಡಬಾರದ ಕೆಲಸ ಅದು, ಅವತ್ತು ರಾತ್ರಿಯೆಲ್ಲ ಅದನ್ನೇ ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಹಠಮಾರಿ, ಕೇಳಲಿಲ್ಲ.

ಬೆಳಿಗ್ಗೆ ಅವಳ ಮನೆಯಿಂದ ಪಾರ್ಕಿಗೆ ಐದು ನಿಮಿಷದ ದಾರಿ ಅರ್ಧ ಗಂಟೆ ಹಿಡಿಯಿತು. ನನ್ನ ತೋಳಿಗೆ ಜೋತುಬಿದ್ದು, ಬೆನ್ನು ಬಗ್ಗಿಸಿ, ಇಂಚಿಂಚೇ ಪಾದ ಎಳೆಯುತ್ತ ಬಂದಳು. ಬಲಗೈ ಸೀರೆಯ ನೆರಿಗೆಗೆ ಹೊಡೆದುಕೊಳ್ಳುತ್ತಿತ್ತು. ಗೇಟಿನ ಹತ್ತಿರ ಬಂದಾಗ ಕಾಲು ಅಂಟಿಕೊಂಡೇಬಿಟ್ಟಿತು. ಒಳಗಿದ್ದ ಇಪ್ಪತ್ತು ಜನ ತಿರುಗಿ ನೋಡಿದರು. ಹಿಂದಿನ ದಿನದ ಫ್ಲೆಕ್ಸು ಇನ್ನೂ ಬಿಚ್ಚಿರಲಿಲ್ಲ, ಅವಳು ಅದರ ಕೆಳಗೇ ನಿಂತಿದ್ದಳು.

"ಅಯ್ಯಯ್ಯೋ, ಏನಾಯ್ತು ಮೇಡಮ್ಮೋರಿಗೆ!" ಮರಿಯಣ್ಣ ಓಡಿ ಬಂದರು. "ನಿನ್ನೆ ಅಷ್ಟು ಜನ ನೋಡಿ ದೃಷ್ಟಿ ಆಗೈತೆ. ಆಂಬುಲೆನ್ಸ್ ಕರೀರಿ ಯಾರಾದ್ರೂ!"

"ದೃಷ್ಟಿನೂ ಇಲ್ಲ ಮಣ್ಣೂ ಇಲ್ಲ," ಎಂದೆ ನಾನು. ನನ್ನ ಧ್ವನಿ ಆ ಬೀದಿಯ ಕೊನೆಗೆ ಕೇಳಿಸಿರಬೇಕು. "ಬೆಳಿಗ್ಗೆ ಮಾತ್ರೆ ತಗೊಂಡಿಲ್ಲ ಅವಳು. ಒಂದೇ ಒಂದು ಹೊತ್ತು. ನೋಡಿ, ಎಲ್ಲರೂ ಹತ್ರ ಬಂದು ನೋಡಿ!"

ನಾನೂ ಮರಿಯಣ್ಣನೂ ಸೇರಿ ಅವಳನ್ನು ಬೆಂಚಿನ ಮೇಲೆ ಕೂರಿಸಿದೆವು. ಜನ ಸುತ್ತ ನಿಂತರು. ಅವಳ ಮುಖದಲ್ಲಿ ಭಾವನೆಯೇ ಇರಲಿಲ್ಲ. ಆ ಕಾಯಿಲೆಯಲ್ಲಿ ಮುಖವೂ ಸೆಟೆಯುತ್ತದೆ. ರೆಪ್ಪೆ ಕೂಡ ಅಪರೂಪಕ್ಕೆ ಬಡಿಯುತ್ತಿತ್ತು. ಜೊಲ್ಲು ಇಳಿಯುತ್ತಿತ್ತು, ನಾನು ಸೆರಗಿನಿಂದ ಒರೆಸಿದೆ. ಒಂಬತ್ತು ವರ್ಷ ಬಚ್ಚಿಟ್ಟದ್ದೆಲ್ಲ ಬಟಾಬಯಲಲ್ಲಿ ಕೂತಿತ್ತು. ಮರಿಯಣ್ಣ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಶಕುಂತಲಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಸರ್ವಮಂಗಳಾಳ ಧ್ವನಿ ಬರೀ ಉಸಿರಿನಷ್ಟಿತ್ತು. "ಮಾತ್ರೆ ಇಲ್ದೇ ಇದ್ರೆ ನಾನು ಇಷ್ಟೇ ಶಕುಂತಲಮ್ಮ."

ನಾನು ತೆರೆದ ಬ್ಯಾಗಿಗೆ ಅವರೇ ಕೈ ಹಾಕಿ ಸ್ಟ್ರಿಪ್ ತೆಗೆದರು. ಒಂದು ಮಾತ್ರೆ ಬಿಡಿಸಿ ಅವಳ ಬಾಯಲ್ಲಿಟ್ಟು, ನೀರು ಕುಡಿಸಿ, ಗಲ್ಲ ಒರೆಸಿದರು. ಆಮೇಲೆ ತಮ್ಮ ಮೊಬೈಲ್ ತೆಗೆದು ಮಗನಿಗೆ ಫೋನ್ ಮಾಡಿದರು. "ಕಶ್ಯಪ್, ಪಾರ್ಕಿನ ಹತ್ರ ಬಂದ್ಬಿಡು. ಡಾಕ್ಟ್ರ ಹತ್ರ ಹೋಗ್ಬೇಕು. ನಾನು ಮಾತ್ರೆ ತಗೊಂಡು ಇಪ್ಪತ್ನಾಲ್ಕು ದಿನ ಆಯ್ತು ಕಣೋ. ಬೈಯೋದು ಆಮೇಲೆ ಬೈಯುವೆಯಂತೆ, ಮೊದ್ಲು ಬಾ."

ಅವತ್ತೇ ಅವರನ್ನು ಅಡ್ಮಿಟ್ ಮಾಡಿಕೊಂಡರು. ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದರಂತೆ. ಈಗ ಚೆನ್ನಾಗಿದ್ದಾರೆ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಮರೆಯಲಾಗದ್ದು ಕಶ್ಯಪ್ ಬರುವುದಕ್ಕೆ ಮುಂಚಿನ ಆ ಹತ್ತು ನಿಮಿಷ.

ಶಕುಂತಲಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಬೆಂಚಿನ ಎದುರಿನ ಕಲ್ಲುಕಟ್ಟೆಯ ಮೇಲೆ ಕೂತು, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರದಿಂದ ಕೇಳಿದರು.

"ಆಮೇಲೆ ಮನೆಗೆ ಬಂದು ಹೇಳಿದ್ರಿ, ಮೈಕಲ್ಲೂ ಹೇಳಿದ್ರಿ, ನಾನು ನಂಬಲಿಲ್ಲ, ಅದು ನನ್ನ ತಪ್ಪು. ಆದ್ರೆ ಸ್ಟೆಂಟ್ ಹಾಕಿಸ್ಕೊಂಡು ನಾನು ಮೊದಲನೇ ದಿನ ಇಲ್ಲಿಗೆ ಬಂದಾಗ, ನಿಮ್ಮನ್ನ ಆ ಮರದ ಹತ್ರ ಕರ್ಕೊಂಡು ಹೋಗಿ ಕೇಳಿದ್ದೆ. 'ನನಗೆ ತುಂಬಾ ಭಯ ಆಗ್ತಿದೆ, ನಿಜವಾಗ್ಲೂ ಮಾತ್ರೆ ಇಲ್ದೇನಾ?' ಅಂತ. ಯಾರೂ ಇರ್ಲಿಲ್ಲ, ನಾವಿಬ್ಬರೇ. ನೀವು ನನ್ನ ಕೈ ಹಿಡ್ಕೊಂಡು ಹ್ಞೂಂ ಅಂದ್ರಿ. ಯಾಕೆ ಹಾಗಂದ್ರಿ?"

ಈ ವಿಷಯ ನನಗೂ ಗೊತ್ತಿರಲಿಲ್ಲ. ನಾನು ಸರ್ವಮಂಗಳಾಳನ್ನು ನೋಡಿದೆ. ಅವಳ ಕತ್ತು ಒಂದಿಷ್ಟು ಅಲುಗಿತು, ಮುಖವನ್ನು ಆಚೆ ತಿರುಗಿಸಿಕೊಳ್ಳಲು ಒದ್ದಾಡುತ್ತಿದ್ದಳು. ಆಗಲಿಲ್ಲ. ಮಾತ್ರೆ ಹತ್ತಲು ಇನ್ನೂ ಅರ್ಧ ಗಂಟೆ ಬೇಕಿತ್ತು. ಶಕುಂತಲಮ್ಮ ಎದುರಿಗೇ ಕೂತು ಉತ್ತರಕ್ಕೆ ಕಾಯುತ್ತಿದ್ದರು.